ಮಬ್ಬುಬೆಳಕಿನಲ್ಲಿ ಮನುಷ್ಯನ ಮುಖ

ಸಂಜೆ ದೀಪ ಹಚ್ಚಿದ ಮೇಲೆ ಮನೆಯೊಳಗೆ ಕುಳಿತವರ ಮುಖ ನಮಗೆ ಚೆನ್ನಾಗಿಯೇ ಕಾಣುತ್ತದೆ. ಅಜ್ಜಿಯ ಹಣೆಯ ಗೆರೆ, ಮಗುವಿನ ತುಟಿಯಂಚಿನ ನಗೆ, ಪುಸ್ತಕದ ಮೇಲೆ ಬಾಗಿದವರ ಹುಬ್ಬು, ಇವುಗಳಲ್ಲಿ ಯಾವುದೂ ಕಣ್ಣಿಗೆ ತಪ್ಪುವುದಿಲ್ಲ. ಆದುದರಿಂದಲೇ ಬಯಲಿನ ಬಿಸಿಲಿಗೂ ಈ ದೀಪದ ಬೆಳಕಿಗೂ ಇರುವ ಅಂತರವೆಷ್ಟೆಂದು ನಾವು ಎಣಿಸಲು ಹೋಗುವುದಿಲ್ಲ. ಅಳೆದು ನೋಡಿದರೆ ಮಧ್ಯಾಹ್ನದ ಬಿಸಿಲು ಸಾಮಾನ್ಯವಾದ ಕೋಣೆಯ ಬೆಳಕಿಗಿಂತ ನೂರಾರು ಪಟ್ಟು, ಎಷ್ಟೋ ವೇಳೆ ಸಾವಿರ ಪಟ್ಟು ಪ್ರಖರವಾದುದು. ನಮ್ಮ ಕಣ್ಣು ತನ್ನ ಪಾಪೆಯನ್ನು ಅರಳಿಸಿ, ಒಳಗಿನ ನರಗಳನ್ನು ಹದಗೊಳಿಸಿಕೊಂಡು, ಈ ಅಂತರವನ್ನು ನಮಗೆ ತಿಳಿಯದಂತೆ ನುಂಗಿಬಿಡುತ್ತದೆ. ಕ್ಯಾಮರಾಕ್ಕೆ ಆ ದಾಕ್ಷಿಣ್ಯವಿಲ್ಲ. ಬಿಸಿಲಿನಲ್ಲಿ ಒಂದು ಸೆಕೆಂಡಿನಲ್ಲಿ ಮೂಡುವ ಚಿತ್ರಕ್ಕೆ ದೀಪದ ಕೋಣೆಯಲ್ಲಿ ಹದಿನೈದು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತು ಅಲುಗದೆ ಕುಳಿತುಕೊಳ್ಳುವುದು ಗೋಡೆಗೆ ಸಾಧ್ಯ, ಕುರ್ಚಿಗೆ ಸಾಧ್ಯ, ಮನುಷ್ಯನಿಗೆ ಸಾಧ್ಯವಿಲ್ಲ. ಛಾಯಾಗ್ರಹಣದ ಚರಿತ್ರೆಯಲ್ಲಿ ಮನೆಯೊಳಗಿನ ಮನುಷ್ಯನು ಬಹುಕಾಲ ಕಾಣಿಸದೆ ಹೋದುದಕ್ಕೆ ಈ ಲೆಕ್ಕವೇ ಕಾರಣ. ಅವನು ಹೇಗೆ ಕಾಣಿಸಿಕೊಂಡನು, ಕಾಣಿಸಿಕೊಂಡಾಗ ಅವನ ಮುಖಕ್ಕೆ ಏನೇನು ಆಯಿತು ಎಂಬುದನ್ನು ಇಂದು ನಾವು ವಿಚಾರಿಸೋಣ.

ದಾಗೇರನು ಕಂಡುಹಿಡಿದ ವಿದ್ಯೆಯ ಸುದ್ದಿ ಪ್ಯಾರಿಸ್ಸಿನಲ್ಲಿ ಪ್ರಕಟವಾದುದು 1839ರ ಜನವರಿ 7ರಂದು. ಅದರ ಕ್ರಮವು ಎಲ್ಲರಿಗೂ ತಿಳಿದುದು ಅದೇ ವರ್ಷದ ಆಗಸ್ಟ್ 19ರಂದು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಬೆಳಕು ನಿಮಿಷಗಟ್ಟಲೆ ಬಿದ್ದ ಹೊರತು ಬಿಂಬವು ನಿಲ್ಲುತ್ತಿರಲಿಲ್ಲ. 1838ರಲ್ಲಿ ಅವನು ತನ್ನ ಕಿಟಕಿಯಿಂದ ತೆಗೆದ ಪ್ಯಾರಿಸ್ಸಿನ ಒಂದು ಹೆದ್ದಾರಿಯ ಚಿತ್ರವು ಪ್ರಸಿದ್ಧವಾದುದು. ಜನರೂ ಗಾಡಿಗಳೂ ತುಂಬಿ ಹರಿಯುತ್ತಿದ್ದ ಬೀದಿ ಅದರಲ್ಲಿ ಬರಿದಾಗಿ ತೋರುತ್ತದೆ. ಮೂಲೆಯಲ್ಲಿ ಒಬ್ಬನು ಬೂಟಿಗೆ ಹೊಳಪು ಹಾಕಿಸಿಕೊಳ್ಳಲು ನಿಂತಿದ್ದನು. ನಿಂತುದರಿಂದ ಅವನು ಉಳಿದನು, ನಡೆದವರೆಲ್ಲ ಅಳಿಸಿಹೋದರು. ಹಗಲಿನ ಬೀದಿಯಲ್ಲಿಯೇ ಈ ಪಾಡಾದರೆ ಮನೆಯೊಳಗಿನ ಮಾತೇನು? ಅದೇ 1839ರ ಶರತ್ಕಾಲದಲ್ಲಿ ಫಿಲಡೆಲ್ಫಿಯಾ ನಗರದ ರಾಬರ್ಟ್ ಕಾರ್ನೀಲಿಯಸ್ ಎಂಬ ತರುಣನು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡನು. ಅವರ ಮನೆತನದ ವ್ಯಾಪಾರ ದೀಪಗಳದು. ಆದರೂ ಅವನು ಚಿತ್ರಕ್ಕಾಗಿ ಅಂಗಡಿಯ ಒಳಗೆ ಕುಳಿತುಕೊಳ್ಳಲಿಲ್ಲ, ಹೊರಗೆ ಬಂದು ಹಗಲಿನಲ್ಲಿ ನಿಂತನು.

ಮರುವರ್ಷ ವಿಯನ್ನಾದ ಗಣಿತಜ್ಞ ಪೆಟ್ಸ್‌ವಾಲನು ಮುಖಚಿತ್ರಕ್ಕೆಂದೇ ಲೆಕ್ಕ ಹಾಕಿ ಒಂದು ಮಸೂರವನ್ನು ರಚಿಸಿದನು. ಅದು ಹಿಂದಿನ ಮಸೂರಗಳಿಗಿಂತ ಸುಮಾರು ಹದಿನಾರು ಪಟ್ಟು ಬೆಳಕನ್ನು ಒಳಕ್ಕೆ ಬಿಡುತ್ತಿತ್ತು. 1841ರ ಮಾರ್ಚಿಯಲ್ಲಿ ರಿಚರ್ಡ್ ಬಿಯರ್ಡನು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯ ಕಟ್ಟಡದಲ್ಲಿ ಚಿತ್ರಶಾಲೆಯನ್ನು ತೆರೆದಾಗ ಅದಕ್ಕೆ ಆರಿಸಿಕೊಂಡ ಸ್ಥಳ ಮಾಳಿಗೆಯ ಮೇಲುಗಡೆ. ಗಾಜಿನ ಛಾವಣಿ, ಗಾಜಿಗೆ ನೀಲಿಯ ಬಣ್ಣ, ಕುಳಿತವರ ತಲೆಯ ಹಿಂದೆ, ಕೂದಲಿನ ಮರೆಯಲ್ಲಿ, ಕಬ್ಬಿಣದ ಹಿಡಿಕೆ. ಆ ಕಾಲದ ಚಿತ್ರಗಳಲ್ಲಿ ನಮ್ಮ ಪೂರ್ವಿಕರೂ ಅವರ ಪೂರ್ವಿಕರೂ ಒಂದೇ ಸಮನಾಗಿ ಗಂಭೀರರಾಗಿ ಕಾಣುವುದಕ್ಕೆ ಅವರ ಸ್ವಭಾವಕ್ಕಿಂತ ಆ ಹಿಡಿಕೆಯೇ ಹೆಚ್ಚಿನ ಕಾರಣವಿರಬೇಕೆಂದು ನಮಗೆ ತೋರುತ್ತದೆ.

ಗಾಜಿಗೆ ನೀಲಿಯ ಬಣ್ಣವೇಕೆಂದರೆ, ಆ ತಗಡುಗಳಿಗೂ ಮುಂದೆ ಬಂದ ಗಾಜಿನ ಫಲಕಗಳಿಗೂ ನೀಲಿಯ ಬೆಳಕೊಂದೇ ಬೆಳಕು. ಕೆಂಪಿಗೆ ಅವು ಕುರುಡು. ಕತ್ತಲೆ ಕೋಣೆಯಲ್ಲಿ ಕೆಂಪು ದೀಪವನ್ನು ಇಟ್ಟುಕೊಂಡು ಕೆಲಸ ಮಾಡಲು ಸಾಧ್ಯವಾದುದೂ ಇದರಿಂದಲೇ. ಬಿಸಿಲಿನ ಝಳವನ್ನು ನೀಲಿಯ ಗಾಜು ತಡೆಯುತ್ತಿತ್ತು, ಫಲಕಕ್ಕೆ ಬೇಕಾದುದನ್ನು ಮಾತ್ರ ಬಿಡುತ್ತಿತ್ತು. ದೀಪದ ಬೆಳಕಿನ ವಿಷಯವಾದರೋ ತಿರುಗಾಮುರುಗಾ. ಎಣ್ಣೆಯ ದೀಪ, ಮೇಣದ ಬತ್ತಿ, ಗ್ಯಾಸಿನ ಬತ್ತಿ, ಇವುಗಳ ಜ್ವಾಲೆಯಲ್ಲಿ ಹಳದಿಯೂ ಕೆಂಪೂ ಹೇರಳ, ನೀಲಿಯು ಅತ್ಯಲ್ಪ. ಮಬ್ಬಾದ ಬೆಳಕು ಸಾಲದೆಂಬುದು ಒಂದು ಕಷ್ಟ. ಇದ್ದ ಬೆಳಕಿನಲ್ಲಿಯೂ ಬಹುಪಾಲು ಫಲಕಕ್ಕೆ ಕಾಣದೆಂಬುದು ಎರಡನೆಯ ಕಷ್ಟ. ಬರ್ಲಿನ್ನಿನ ಹೆರ್ಮಾನ್ ಫೋಗೆಲ್ ಎಂಬ ರಸಾಯನಶಾಸ್ತ್ರಜ್ಞನು 1873ರಲ್ಲಿ ಕೆಲವು ಬಣ್ಣಗಳನ್ನು ಫಲಕದ ಲೇಪದಲ್ಲಿ ಬೆರೆಸಿ ಅದಕ್ಕೆ ಹಸುರು ಹಳದಿಗಳನ್ನು ಕಾಣುವ ಶಕ್ತಿಯನ್ನು ಕೊಟ್ಟನು. ಕೆಂಪನ್ನೂ ಕಾಣುವ ಫಲಕಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದುದು 1906ರಲ್ಲಿ. ಅಲ್ಲಿಯವರೆಗೆ ದೀಪದ ಬಳಿ ಕುಳಿತ ಮನುಷ್ಯನು ಕ್ಯಾಮರಾದ ಪಾಲಿಗೆ ಕತ್ತಲೆಯಲ್ಲಿಯೇ ಕುಳಿತಿದ್ದನೆನ್ನಬೇಕು.

ಈ ಕೊರತೆಯನ್ನೇ ಗುಣವಾಗಿ ಮಾಡಿಕೊಂಡವಳು ಒಬ್ಬಳಿದ್ದಳು. ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಹುಟ್ಟಿದುದು 1815ರಲ್ಲಿ ನಮ್ಮ ಕಲ್ಕತ್ತೆಯಲ್ಲಿ. 1863ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಅವಳಿಗೆ ಕ್ಯಾಮರಾ ಉಡುಗೊರೆಯಾಗಿ ಬಂದಿತು. ವೈಟ್ ದ್ವೀಪದ ತನ್ನ ಮನೆಯಲ್ಲಿ ಕೋಳಿಗೂಡನ್ನು ಗಾಜಿನ ಮನೆಯಾಗಿಯೂ ಕಲ್ಲಿದ್ದಲಿನ ಕೊಟ್ಟಿಗೆಯನ್ನು ಕತ್ತಲೆ ಕೋಣೆಯಾಗಿಯೂ ಮಾಡಿಕೊಂಡಳು. ಇತರರು ಬೆಳಕನ್ನು ಎಲ್ಲ ಕಡೆಯಿಂದಲೂ ಕರೆದರೆ ಇವಳು ಪರದೆಗಳನ್ನು ಎಳೆದು ಒಂದು ಕಡೆಯಿಂದ ಮಾತ್ರ ಬರಗೊಟ್ಟಳು. ಕುಳಿತವರನ್ನು ನಿಮಿಷಗಟ್ಟಲೆ ಕೂರಿಸಿದಳು. ಅವರು ಉಸಿರಾಡಿದರು, ಸ್ವಲ್ಪ ಅಲುಗಿದರು, ಅಂಚುಗಳು ಮಸುಕಾದವು. 1867ರಲ್ಲಿ ತೆಗೆದ ಕಾರ್ಲೈಲನ ಮುಖವು ಕತ್ತಲೆಯಿಂದ ಅರ್ಧ ಹೊರಬಂದ ಬಂಡೆಯಂತೆ ಇದೆ. ವೃತ್ತಿಯವರು ಅವಳ ಚಿತ್ರಗಳನ್ನು ನೋಡಿ, ಈಕೆಗೆ ಮಸೂರವನ್ನು ಸರಿಯಾಗಿ ಹೊಂದಿಸಲೂ ಬಾರದೆಂದು ನಕ್ಕರು. ನಕ್ಕವರ ಚಿತ್ರಗಳಲ್ಲಿ ಕೋಟಿನ ಗುಂಡಿಗಳು ಸ್ಪಷ್ಟವಾಗಿವೆ. ಅವನ್ನು ಇಂದು ಯಾರೂ ನೋಡುತ್ತಿಲ್ಲ.

ಪ್ಯಾರಿಸ್ಸಿನ ನಾದಾರನ ಹಾದಿ ಬೇರೆ. ಅವನು ಬುನ್ಸೆನ್ ಬ್ಯಾಟರಿಗಳ ಸಾಲನ್ನು ಜೋಡಿಸಿ ವಿದ್ಯುತ್ತಿನ ಚಾಪದೀಪವನ್ನು ಉರಿಸಿ, 1861ರ ಸುಮಾರಿಗೆ ಆ ನಗರದ ನೆಲದಡಿಯ ಅಸ್ಥಿಗುಹೆಗಳಿಗೆ ಇಳಿದನು. ಅಲ್ಲಿ ಕೆಲವು ಚಿತ್ರಗಳಿಗೆ ಹದಿನೆಂಟು ನಿಮಿಷದವರೆಗೆ ಬೆಳಕು ಬೇಕಾಯಿತು. ಮೂಳೆಗಳ ಗಾಡಿಯನ್ನು ಎಳೆಯುವ ಕೂಲಿಯವನನ್ನು ಚಿತ್ರದಲ್ಲಿ ತೋರಿಸಬೇಕೆಂದು ಅವನಿಗೆ ಆಸೆ; ಆದರೆ ಅಷ್ಟು ಹೊತ್ತು ಗಾಡಿಯನ್ನು ಹಿಡಿದು ಕಲ್ಲಾಗಿ ನಿಲ್ಲುವ ಕೂಲಿಯವನು ಎಲ್ಲಿದ್ದಾನೆ? ನಾದಾರನು ಒಂದು ಗೊಂಬೆಗೆ ಬಟ್ಟೆ ಬೂಟುಗಳನ್ನು ತೊಡಿಸಿ ನಿಲ್ಲಿಸಿದನು. ಕತ್ತಲೆಯಲ್ಲಿ ದುಡಿಯುವ ಮನುಷ್ಯನ ಮೊದಮೊದಲ ಛಾಯಾಚಿತ್ರಗಳಲ್ಲಿ ಇರುವುದು ಹೀಗೆ ಮನುಷ್ಯನಲ್ಲ, ಅವನ ಅಂಗಿ ತೊಟ್ಟ ಬೊಂಬೆ.

ತೆಗೆದ ಚಿತ್ರವನ್ನು ತಿದ್ದುವ ವಿದ್ಯೆಯೂ ಇದೇ ಕಾಲದಲ್ಲಿ ತಲೆಯೆತ್ತಿತು. ಮ್ಯೂನಿಕ್ಕಿನ ಫ್ರಾನ್ಸ್ ಹಾನ್ಫ್‌ಸ್ಟೆಂಗ್ಲನು 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಬ್ಬನದೇ ಮುಖದ ಎರಡು ಪ್ರತಿಗಳನ್ನು ಇಟ್ಟನು: ಒಂದು ಇದ್ದಂತೆ, ಇನ್ನೊಂದು ನೆಗೆಟಿವನ್ನು ತಿದ್ದಿ ಮುದ್ರಿಸಿದುದು. ನೋಡಿದವರಿಗೆ ಎರಡನೆಯದೇ ಹಿತವಾಯಿತು. ಫಲಕವು ಕೆಂಪಿಗೆ ಕುರುಡೆಂದೆವಷ್ಟೆ. ಅದರಿಂದ ಕೆನ್ನೆಯ ಕೆಂಪು ಕಪ್ಪಾಗಿ, ಸಣ್ಣ ಕಲೆಯೊಂದು ಹುಣ್ಣಿನಂತೆ, ಮೂವತ್ತರವರು ಐವತ್ತರವರಂತೆ ಕಾಣುತ್ತಿದ್ದುದೂ ನಿಜ. ಹಾಗಾಗಿ ತಿದ್ದುವುದರಲ್ಲಿ ಮೊದಲು ನ್ಯಾಯವೇ ಇದ್ದಿತು. ಇಳಿಜಾರಾದ ಗಾಜಿನ ಮೇಜಿನ ಮೇಲೆ ನೆಗೆಟಿವನ್ನು ಇಟ್ಟು, ಕೆಳಗಿನಿಂದ ಕನ್ನಡಿಯಲ್ಲಿ ಬೆಳಕನ್ನು ತಂದು, ಸೂಜಿಯಂತೆ ಚೂಪು ಮಾಡಿದ ಸೀಸದಕಡ್ಡಿಯಿಂದ ಚುಕ್ಕೆ ಚುಕ್ಕೆಯಾಗಿ ತುಂಬುವುದು. ಅತಿಯಾಗಿ ಕಪ್ಪಾದ ಕಡೆ ಸಣ್ಣ ಚೂರಿಯಿಂದ ಹೆರೆಯುವುದು. ನೆಗೆಟಿವ್‌ನಲ್ಲಿ ಸೀಸದ ಗುರುತು ಎಲ್ಲಿ ಬಿದ್ದಿತೋ ಮುದ್ರಣದಲ್ಲಿ ಅಲ್ಲಿ ಬೆಳಕು ಹೆಚ್ಚುತ್ತದೆ. ಕಣ್ಣಿನ ಕೆಳಗಿನ ಗುಳಿ, ತುಟಿಯ ಪಕ್ಕದ ಗೆರೆ, ಕೊರಳಿನ ಸುಕ್ಕು ಹೀಗೆ ಒಂದೊಂದಾಗಿ ಮಾಯವಾದವು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದಾಗ ಅದಕ್ಕೆ ಎರಡು ಹೊಸ ಕೆಲಸಗಳು ದೊರೆತವು. ನೀಲಿಯನ್ನು ಮಾತ್ರ ಕಾಣುವ ಫಲಕಕ್ಕೆ ಕಂದು ಬಣ್ಣದ ಚರ್ಮವು ಇರುವುದಕ್ಕಿಂತ ಕಪ್ಪಾಗಿ ತೋರುತ್ತದೆ. ಮಬ್ಬುಬೆಳಕಾದರೆ ಮುಖವೆಲ್ಲ ನೆರಳಿನಲ್ಲಿ ಮುಳುಗಿ ಕಣ್ಣಿನ ಬಿಳಿ ಮಾತ್ರ ಉಳಿಯುತ್ತದೆ. ತಿದ್ದುವವನು ಅದನ್ನು ಎತ್ತಬೇಕು. ಎಷ್ಟು ಎತ್ತಬೇಕು? ಇರುವಷ್ಟಕ್ಕೆ ಎತ್ತಿದರೆ ಅದು ವಿದ್ಯೆ. ವರನ ಕಡೆಯವರಿಗೆ ಕಳುಹಿಸುವ ಚಿತ್ರವೆಂದು ಇನ್ನೂ ನಾಲ್ಕು ಛಾಯೆ ಎತ್ತಿದರೆ ಅದು ಬೇರೆಯದೇ ವ್ಯಾಪಾರ. ಈ ಎರಡನೆಯದಕ್ಕೆ ನಮ್ಮ ಊರುಗಳಲ್ಲಿ ಗಿರಾಕಿಗಳು ಎಂದೂ ಕಡಮೆಯಾಗಲಿಲ್ಲವೆಂಬುದು ಕೇಳುಗರಿಗೆ ಗೊತ್ತಿರುವ ವಿಷಯವೇ. ಇನ್ನೊಂದು ಕೆಲಸ, ಮುದ್ರಿಸಿದ ಚಿತ್ರದ ಮೇಲೆಯೇ ಕುಂಚದಿಂದ ಬಣ್ಣ ಹಚ್ಚುವುದು. ಜರಿಯ ಅಂಚು, ಮುತ್ತಿನ ಹಾರ, ಹಿಂದಿನ ಪರದೆ ಎಲ್ಲವನ್ನೂ ಚಿತ್ರಗಾರನು ತುಂಬಿ, ಕೊನೆಗೆ ಛಾಯಾಗ್ರಾಹಕನ ಪಾಲಿಗೆ ಮೂಗು ಕಣ್ಣುಗಳನ್ನಷ್ಟೇ ಬಿಟ್ಟ ಚಿತ್ರಗಳೂ ಇವೆ. ಅವು ಚೆಲುವಾಗಿಲ್ಲವೆಂದು ನಾವು ಹೇಳಲಾರೆವು.

ಬೆಳಕನ್ನೇ ಜೇಬಿನಲ್ಲಿ ಹೊತ್ತು ಒಳಗೆ ಹೋಗುವ ಉಪಾಯ ದೊರೆತುದು ಮೆಗ್ನೀಷಿಯಂ ಲೋಹದಿಂದ. ಅದರ ತಂತಿ ಉರಿಯುವಾಗ ಬರುವ ಬೆಳಕು ಬಿಳಿಯದು, ನೀಲಿಯು ತುಂಬಿದುದು. ಫಲಕಕ್ಕೆ ಹೇಳಿ ಮಾಡಿಸಿದಂತಹುದು. 1864ರಲ್ಲಿ ಮ್ಯಾಂಚೆಸ್ಟರಿನ ಆಲ್ಫ್ರೆಡ್ ಬ್ರದರ್ಸನು ಆ ಬೆಳಕಿನಲ್ಲಿ ಮುಖಚಿತ್ರವನ್ನು ತೆಗೆದನು. ಆದರೆ ತಂತಿಗೆ ಬೆಲೆ ಹೆಚ್ಚು, ಹೊಗೆ ಹೆಚ್ಚು. 1887ರಲ್ಲಿ ಜರ್ಮನಿಯ ಮೀಥೆ, ಗೇಡಿಕೆ ಎಂಬಿಬ್ಬರು ಮೆಗ್ನೀಷಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟು ಮುಂತಾದುವನ್ನು ಬೆರೆಸಿ ಕಣ್ಣು ಮಿಟುಕುವಷ್ಟರಲ್ಲಿ ಭಗ್ಗೆಂದು ಉರಿದುಹೋಗುವ ಮಿಶ್ರಣವನ್ನು ಮಾಡಿದರು.

ಆ ಸುದ್ದಿಯ ನಾಲ್ಕು ಸಾಲನ್ನು ನ್ಯೂಯಾರ್ಕಿನಲ್ಲಿ ಬೆಳಗಿನ ಉಪಾಹಾರದ ಹೊತ್ತಿಗೆ ಪತ್ರಿಕೆಯಲ್ಲಿ ಓದಿದವನು ಜೇಕಬ್ ರೀಸ್. ಡೆನ್ಮಾರ್ಕಿನಲ್ಲಿ 1849ರಲ್ಲಿ ಹುಟ್ಟಿ, 1870ರಲ್ಲಿ ಅಮೆರಿಕಕ್ಕೆ ವಲಸೆ ಬಂದು, ಕೆಲಸವಿಲ್ಲದೆ ಪೊಲೀಸು ಠಾಣೆಯ ಅನಾಥರ ನೆಲದ ಮೇಲೆ ಮಲಗಿ ಎದ್ದಿದ್ದವನು. ಈಗ ಮಲ್ಬೆರಿ ಬೀದಿಯಲ್ಲಿ ಪೊಲೀಸು ಸುದ್ದಿಗಾರ. ರಾತ್ರಿ ಎರಡು ಗಂಟೆಗೆ ಬಾಡಿಗೆ ಮನೆಗಳೊಳಗೆ ಅವನು ನೋಡುತ್ತಿದ್ದುದನ್ನು ಬರೆದರೆ ಯಾರೂ ನಂಬುತ್ತಿರಲಿಲ್ಲ. ಕಿಟಕಿಯೇ ಇಲ್ಲದ ಆ ಕೋಣೆಗಳ ಚಿತ್ರವನ್ನು ತೆಗೆಯೋಣವೆಂದರೆ ಹಗಲೂ ಅಲ್ಲಿ ರಾತ್ರಿಯೇ. ಮೊದಲು ಹವ್ಯಾಸಿ ಛಾಯಾಗ್ರಾಹಕರಾದ ಗೆಳೆಯರನ್ನು ಕರೆದುಕೊಂಡು ಹೋದನು. ಅವರು ನಿದ್ದೆಗೆಟ್ಟು ಬೇಸತ್ತ ಮೇಲೆ 1888ರಲ್ಲಿ ಇಪ್ಪತ್ತೈದು ಡಾಲರು ಕೊಟ್ಟು ಕ್ಯಾಮರಾವನ್ನು ತಾನೇ ಕೊಂಡನು.

ಕೆಲಸದ ಕ್ರಮ ಇಷ್ಟು. ಕತ್ತಲೆಯಲ್ಲಿ ಕ್ಯಾಮರಾವನ್ನು ನಿಲ್ಲಿಸಿ ಮಸೂರದ ಮುಚ್ಚಳ ತೆಗೆದಿಡುವುದು, ಪುಡಿಗೆ ಬೆಂಕಿ ಕೊಡುವುದು, ಮತ್ತೆ ಮುಚ್ಚುವುದು. ಮೊದಮೊದಲು ಪುಡಿಯನ್ನು ಪಿಸ್ತೂಲಿನಂತಹ ಸಾಧನದಿಂದ ಹಾರಿಸುತ್ತಿದ್ದರು. ಅಪರಾತ್ರಿಯಲ್ಲಿ ಪಿಸ್ತೂಲು ಹಿಡಿದು ನುಗ್ಗಿದವರನ್ನು ಕಂಡು ಜನ ಕಿಟಕಿಯಿಂದ ಹಾರಿ ಓಡಿದ ಮೇಲೆ, ರೀಸನು ಅದನ್ನು ಬಿಟ್ಟು ಬಾಣಲೆಯೊಂದರಲ್ಲಿ ಪುಡಿಯನ್ನು ಸುರಿದು ಹಚ್ಚತೊಡಗಿದನು. ಎರಡು ಸಲ ಮನೆಗೆ ಬೆಂಕಿ ತಗುಲಿಸಿದನು, ಒಂದು ಸಲ ತನ್ನ ಬಟ್ಟೆಗೇ. ಕುರುಡರು ವಾಸಿಸುತ್ತಿದ್ದ ಒಂದು ಕೋಣೆಯಲ್ಲಿ ಪುಡಿ ಹಾರಿ ಗೋಡೆಯ ಕಾಗದಕ್ಕೂ ಚಿಂದಿಗೂ ಕಿಡಿ ಹತ್ತಿತು. ಒಳಗಿದ್ದವರಿಗೆ ಅದು ಕಾಣುವಂತಿರಲಿಲ್ಲ, ರೀಸನೊಬ್ಬನೇ ಬಡಿದು ಬಡಿದು ಆರಿಸಿದನು. ಆ ಮನೆಯ ಗೋಡೆಯಲ್ಲಿ ಕೊಳೆಯು ಎಷ್ಟು ದಪ್ಪವಾಗಿದೆಯೆಂದರೆ ಅದಕ್ಕೆ ಬೆಂಕಿಯೇ ಹತ್ತದೆಂದು ಬಳಿಕ ಪೊಲೀಸಿನವನೊಬ್ಬನು ನಕ್ಕನಂತೆ.

ಬೇಯಾರ್ಡ್ ಬೀದಿಯ ಒಂದು ಕೋಣೆಯ ಚಿತ್ರವನ್ನು ನೋಡಿ. ಹದಿಮೂರು ಅಡಿ ಚೌಕವೂ ಇಲ್ಲದ ಕೋಣೆ. ಅದರಲ್ಲಿ ಹನ್ನೆರಡು ಜನ ಗಂಡಸರೂ ಹೆಂಗಸರೂ ಮಲಗಿದ್ದಾರೆ. ಒಂದು ರಾತ್ರಿಗೆ ತಲೆಗೆ ಐದು ಸೆಂಟು ಬಾಡಿಗೆ. ಒಬ್ಬನು ಅಟ್ಟದ ಹಲಗೆಯಿಂದ ತಲೆಯೆತ್ತಿ ನೋಡುತ್ತಾನೆ, ನಿದ್ದೆಯಿಂದ ಇನ್ನೂ ಪೂರ್ತಿ ಎದ್ದಿಲ್ಲ. ಈ ಚಿತ್ರಗಳು ಸೇರಿದ ರೀಸನ ಪುಸ್ತಕವು 1890ರಲ್ಲಿ ಹೊರಬಿದ್ದಿತು. ಅದರಲ್ಲಿ ಕೆಲವು ಚಿತ್ರಗಳನ್ನಷ್ಟೇ ಹಾಫ್‌ಟೋನಿನಲ್ಲಿ ಅಚ್ಚು ಹಾಕಲಾಯಿತು, ಉಳಿದುವನ್ನು ಕಲೆಗಾರರು ರೇಖೆಯಲ್ಲಿ ಮತ್ತೆ ಬರೆದರು. ಬರೆಯುವಾಗ ಕೊಳೆಯೂ ಗೊಂದಲವೂ ಅಷ್ಟಿಷ್ಟು ಗುಡಿಸಿಹೋದವು. ಇದ್ದಂತೆ ಕಾಣುತ್ತಿದ್ದುದು ಅವನ ಲಾಂದ್ರದ ಉಪನ್ಯಾಸಗಳಲ್ಲಿ. ಥಿಯೋಡೋರ್ ರೂಸ್‌ವೆಲ್ಟನು 1895ರಲ್ಲಿ ಪೊಲೀಸು ಕಮಿಷನರಾದ ಮೇಲೆ ಆ ಠಾಣೆಗಳ ತಂಗುನೆಲಗಳನ್ನು ಮುಚ್ಚಲಾಯಿತು. ಮಲ್ಬೆರಿಯ ಗೂಡುಗಳನ್ನು ಕೆಡವಿದ ಸ್ಥಳದಲ್ಲಿ 1897ರಲ್ಲಿ ಉದ್ಯಾನ ಬಂದಿತು. ಇಷ್ಟು ಫಲ ಕೊಟ್ಟ ಛಾಯಾಚಿತ್ರಗಳು ಲೋಕದಲ್ಲಿ ಕಡಮೆ.

ಆದರೂ ಆ ಎದ್ದು ಕುಳಿತವನ ಮುಖ ನಮ್ಮನ್ನು ಬಿಡುವುದಿಲ್ಲ. ಅವನನ್ನು ಯಾರೂ ಕೇಳಲಿಲ್ಲ. ಅವನ ಕಣ್ಣಿನಲ್ಲಿರುವುದು ಬಡತನದ ದುಃಖವೋ, ಸಿಡಿದ ಪುಡಿಯ ದಿಗಿಲೋ, ಚಿತ್ರದಿಂದ ತಿಳಿಯುವಂತಿಲ್ಲ. ನೋಡಿದ ಸಭ್ಯರು ಮಾತ್ರ ಅದನ್ನು ಬಡತನವೆಂದೇ ಓದಿಕೊಂಡರು. ರೀಸನ ಬರಹದಲ್ಲಿಯೂ ಇಟಲಿಯವರು, ಯೆಹೂದ್ಯರು, ಚೀನದವರು ಎಂಬ ಜನಗಳ ವಿಷಯದಲ್ಲಿ ಒರಟಾದ ಮಾತುಗಳಿವೆ. ಉಪಕಾರಿಯೆಂಬುದರಿಂದ ಅದನ್ನು ಮರೆಯಬೇಕಾಗಿಲ್ಲ. ಅವನು 1914ರಲ್ಲಿ ತೀರಿಕೊಂಡನು. ಮರೆತುಹೋಗಿದ್ದ ಆ ಗಾಜಿನ ಫಲಕಗಳಿಂದ ಅಲೆಕ್ಸಾಂಡರ್ ಆಲಂಡನೆಂಬ ಛಾಯಾಗ್ರಾಹಕನು ಹೊಸ ಪ್ರತಿಗಳನ್ನು ತೆಗೆದು, ನ್ಯೂಯಾರ್ಕಿನ ನಗರ ವಸ್ತುಸಂಗ್ರಹಾಲಯದಲ್ಲಿ ಅವುಗಳ ಪ್ರದರ್ಶನವಾದುದು 1947ರಲ್ಲಿ.

ಸಿಡಿಮದ್ದಿಲ್ಲದೆ, ಇದ್ದ ಬೆಳಕಿನಲ್ಲಿಯೇ ಮನುಷ್ಯನನ್ನು ನೋಡುವ ದಿನ 1924ರಲ್ಲಿ ಬಂದಿತು. ಡ್ರೆಸ್ಡೆನ್ ನಗರದ ಎರ್ನೆಮಾನ್ ಕಾರ್ಖಾನೆಯವರು ಎರ್ಮಾನಾಕ್ಸ್ ಎಂಬ ಪುಟ್ಟ ಕ್ಯಾಮರಾವನ್ನು ಮಾಡಿದರು. ಲುಡ್ವಿಗ್ ಬೆರ್ಟೆಲೆ ಲೆಕ್ಕ ಹಾಕಿದ ಅದರ ಮಸೂರದ ಅಳತೆ ಎಫ್ 2; ಎಫ್ 8ರ ಮಸೂರಕ್ಕಿಂತ ಅದು ಹದಿನಾರು ಪಟ್ಟು ಬೆಳಕನ್ನು ಬಿಡುತ್ತದೆ. ಆದರೆ ಬೆಲೆ ತೆರದೆ ವರ ಸಿಕ್ಕುವುದಿಲ್ಲ. ಅಷ್ಟು ಅಗಲವಾಗಿ ತೆರೆದ ಮಸೂರಕ್ಕೆ ಸ್ಪಷ್ಟತೆಯ ಆಳವಿರುವುದಿಲ್ಲ. ಮೂಗಿಗೆ ಹೊಂದಿಸಿದರೆ ಕಿವಿ ಮಸುಕು. ಒಂದೊಂದು ಚಿತ್ರಕ್ಕೂ ಒಂದೊಂದು ಗಾಜಿನ ಫಲಕವನ್ನು ಬದಲಾಯಿಸಬೇಕು. ಇದನ್ನು ಹಿಡಿದು ಹೆಸರಾದವನು ಬರ್ಲಿನ್ನಿನ ಎರಿಕ್ ಸಾಲೊಮನ್. 1886ರಲ್ಲಿ ಹುಟ್ಟಿದವನು, ನ್ಯಾಯಶಾಸ್ತ್ರದಲ್ಲಿ ಡಾಕ್ಟರು. 1928ರಲ್ಲಿ ಬರ್ಲಿನ್ನಿನ ಕೊಲೆಯ ಮೊಕದ್ದಮೆಯೊಂದು ನಡೆಯುತ್ತಿದ್ದ ನ್ಯಾಯಾಲಯದೊಳಕ್ಕೆ ಟೋಪಿಯಲ್ಲಿ ಕ್ಯಾಮರಾವನ್ನು ಅಡಗಿಸಿಕೊಂಡು ಹೋದನು. ಅಲ್ಲಿಂದ ಮುಂದೆ ಅವನು ಹೊಕ್ಕುದು ರಾಜಕಾರಣಿಗಳ ಕೊಠಡಿಗಳನ್ನು. ಒಳ್ಳೆಯ ಉಡುಪು, ಹಲವು ಭಾಷೆಗಳ ಪರಿಚಯ, ನಿಧಾನ. ಬಾಗಿಲು ಕಾಯುವವರು ಅವನನ್ನು ಯಾವುದೋ ದೇಶದ ಪ್ರತಿನಿಧಿಯೆಂದೇ ತಿಳಿಯುತ್ತಿದ್ದರು.

1930ರ ಜನವರಿಯ ಹೇಗ್ ಸಮ್ಮೇಳನದಲ್ಲಿ ಅವನು ತೆಗೆದ ಚಿತ್ರವೊಂದರಲ್ಲಿ ನಡುರಾತ್ರಿ ಮೀರಿದೆ. ಯುರೋಪಿನ ಹಣದ ಹಣೆಬರಹವನ್ನು ಬರೆಯಲು ಕುಳಿತ ಮಂತ್ರಿಗಳು ಸೋಫಾಗಳಲ್ಲಿ ಒರಗಿ ತೂಕಡಿಸುತ್ತಿದ್ದಾರೆ. ಮೇಜುದೀಪದ ಬೆಳಕು ಅವರ ಬೋಳುತಲೆಗಳ ಮೇಲಿದೆ. ಅವರು ಎಚ್ಚೆತ್ತು ಭಂಗಿ ಕೊಟ್ಟಿದ್ದರೆ ನಮಗೆ ಮತ್ತೊಂದು ಗುಂಪುಚಿತ್ರ ದೊರೆಯುತ್ತಿತ್ತು, ಅಷ್ಟೆ. ರೀಸನ ಚಿತ್ರದಲ್ಲಿಯೂ ಮಲಗಿದವರೇ, ಇಲ್ಲಿಯೂ ಮಲಗಿದವರೇ; ಕೇಳದೆ ತೆಗೆದುದೂ ಎರಡರಲ್ಲಿಯೂ ಸಮ. ಒಂದು ವ್ಯತ್ಯಾಸವನ್ನು ಹೇಳಬೇಕು. ಬಡವರ ನಿದ್ದೆ ಕೆಟ್ಟಿತು, ಮಂತ್ರಿಗಳದು ಕೆಡಲಿಲ್ಲ. ಫ್ರಾನ್ಸಿನ ಬ್ರಿಯಾಂಡನಂತೂ ಸಾಲೊಮನನನ್ನು ಗುಟ್ಟು ಬಯಲಿಗೆಳೆಯುವವರ ರಾಜನೆಂದು ಕರೆದು ಬೆರಳು ತೋರಿಸಿ ನಕ್ಕನು. ಆ ಬೆರಳೂ 1931ರ ಒಂದು ಚಿತ್ರದಲ್ಲಿದೆ. ಸಾಲೊಮನ್ ಯೆಹೂದ್ಯನು. ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ಹಾಲೆಂಡಿಗೆ ಹೋಗಿ ನೆಲೆಸಿದ್ದವನನ್ನು ಹೆಂಡತಿ ಮಗನೊಡನೆ ಹಿಡಿದೊಯ್ದರು. 1944ರಲ್ಲಿ ಆಷ್‌ವಿಟ್ಸಿನಲ್ಲಿ ಕೊಂದರು. ಲಂಡನ್ನಿನಲ್ಲಿದ್ದ ಇನ್ನೊಬ್ಬ ಮಗನು ಯುದ್ಧವು ಮುಗಿದ ಬಳಿಕ ಬಂದು, ಅಡಗಿಸಿಟ್ಟಿದ್ದ ನೆಗೆಟಿವ್‌ಗಳಲ್ಲಿ ಉಳಿದುವನ್ನು ಹುಡುಕಿ ಕಾಪಾಡಿದನು.

ಆಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. 1929ರ ಸುಮಾರಿಗೆ ಗಾಜಿನ ಬುರುಡೆಯೊಳಗೆ ಸದ್ದಿಲ್ಲದೆ ಉರಿಯುವ ಮಿಂಚುದೀಪ ಬಂದಿತು, ಬಳಿಕ ವಿದ್ಯುತ್ತಿನ ಮಿಂಚು. ಫಿಲ್ಮುಗಳು ವರ್ಷದಿಂದ ವರ್ಷಕ್ಕೆ ಚುರುಕಾದವು. ಇಂದು ಕೈಯೊಳಗಿನ ಫೋನು ಮಬ್ಬುಕೋಣೆಯಲ್ಲಿ ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದನ್ನು ಕೂಡಿಸಿ, ಮುಖವನ್ನು ತಾನೇ ಹುಡುಕಿ ಬೆಳಗಿಸಿ, ನಾವು ನೋಡುವುದಕ್ಕೆ ಮುಂಚೆಯೇ ತಿದ್ದಿ ಕೊಡುತ್ತದೆ. ಹಾನ್ಫ್‌ಸ್ಟೆಂಗ್ಲನು ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದನು. ಫೋನು ಒಂದನ್ನೇ ತೋರಿಸುತ್ತದೆ.

ತೆಗೆಯುವುದಕ್ಕೂ ತಿದ್ದುವುದಕ್ಕೂ ನಡುವಣ ಗೆರೆ ಎಲ್ಲಿದೆಯೆಂದು ಕೇಳುವವರು ಯೂಜೀನ್ ಸ್ಮಿತ್ತನ ಒಂದು ಚಿತ್ರವನ್ನು ನೋಡಬೇಕು. 1950ರಲ್ಲಿ ಅವನು ಸ್ಪೇನಿನ ಡೆಲೆಯ್ತೋಸಾ ಎಂಬ ಬಡ ಹಳ್ಳಿಗೆ ಹೋಗಿದ್ದನು. ಅಲ್ಲಿ ಒಬ್ಬ ಮುದುಕನು ತೀರಿಕೊಂಡನು. ಮನೆಯವರ ಒಪ್ಪಿಗೆಯನ್ನು ಪಡೆದು ಸ್ಮಿತ್ತನು ಶವವಿದ್ದ ಕೋಣೆಯನ್ನು ಹೊಕ್ಕನು. ಕಪ್ಪು ಉಡುಪಿನ ಹೆಂಗಸರ ಮುಖಗಳು ಕತ್ತಲೆಯಲ್ಲಿ ಶವದ ಸುತ್ತ ತೇಲುವಂತೆ ಇವೆ. ಅವರಲ್ಲಿ ಇಬ್ಬರ ನೋಟವು ಅವನಿಗೆ ಸರಿದೋರಲಿಲ್ಲ. ಅದು ಶೋಕದಿಂದ ಹೊರಕ್ಕೆ, ಕ್ಯಾಮರಾದ ಕಡೆಗೆ ತಿರುಗಿದ್ದಿತು. ಮುದ್ರಿಸುವಾಗ ಅವನು ಆ ಕಣ್ಣುಗಳನ್ನು ಬಹುಮಟ್ಟಿಗೆ ಕಪ್ಪಾಗಿಸಿ, ಆಮೇಲೆ ಸಣ್ಣ ಕುಂಚದ ತುದಿಯಲ್ಲಿ ಬಣ್ಣ ತೆಗೆಯುವ ದ್ರಾವಣವನ್ನು ಮುಟ್ಟಿಸಿ, ಹೊಸದಾಗಿ ಕಣ್ಣಿನ ಬಿಳಿಯನ್ನು ಮೂಡಿಸಿದನು. ಒಬ್ಬಳ ದೃಷ್ಟಿ ಕೆಳಕ್ಕೆ ಇಳಿಯಿತು, ಇನ್ನೊಬ್ಬಳದು ಪಕ್ಕಕ್ಕೆ ಸರಿಯಿತು. 1951ರ ಏಪ್ರಿಲಿನಲ್ಲಿ ಲೈಫ್ ಪತ್ರಿಕೆಯಲ್ಲಿ ಹಳ್ಳಿಯ ಚಿತ್ರಮಾಲೆ ಅಚ್ಚಾಯಿತು. ಓದಿದವರು ಅಂತಹ ದುಃಖವನ್ನು ಕಂಡುದಿಲ್ಲವೆಂದರು. ದುಃಖವು ಆ ಕೋಣೆಯಲ್ಲಿ ಇದ್ದುದೇ. ಆದರೆ ತಮ್ಮ ಮನೆಯ ಸಾವಿನೊಳಗೆ ಬಂದು ನಿಂತ ಪರದೇಶದವನನ್ನು ಆ ಇಬ್ಬರು ತಲೆಯೆತ್ತಿ ನೋಡಿದುದೂ ಅಲ್ಲಿ ಇದ್ದಿತು. ಅಚ್ಚಾದ ಪ್ರತಿಯಲ್ಲಿ ಅದು ಇಲ್ಲ.